ಒಂದಿಂಚು ಕಡಿಮೆಯ ಹುಡುಗ: ಡ್ಯೂಸ್ ವಾನ್ ಪ್ರಕರಣ

ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಪಟ್ಟಿಯಲ್ಲಿ ಡ್ಯೂಸ್ ವಾನ್ ಎತ್ತರ ಐದಡಿ ಆರಿಂಚು ಅಂತ ಇತ್ತು. 2023ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ ಸೇರಬಯಸುವವರನ್ನು ಪರೀಕ್ಷಿಸುವ ಕಂಬೈನ್‌ನಲ್ಲಿ ನಿಲ್ಲಿಸಿ ಅಳೆದಾಗ ಬಂದದ್ದು ಐದಡಿ ಐದು. ತೂಕ 179 ಪೌಂಡ್, ಅಂದರೆ 81 ಕಿಲೊ. ಆ ಒಂದಿಂಚು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಇಲ್ಲಿನ ಕಾಲೇಜು ತಂಡಗಳ ಪಟ್ಟಿಯಲ್ಲಿರುವ ಎತ್ತರ ನಮ್ಮ ಮದುವೆ ಬಯೋಡೇಟಾದ ಎತ್ತರ ಇದ್ದ ಹಾಗೆ. ಬರೆಯುವವರು ಒಂದಿಂಚು ಸೇರಿಸಿ ಬರೆಯುತ್ತಾರೆ, ಓದುವವರು ಒಂದಿಂಚು ಕಳೆದೇ ಓದುತ್ತಾರೆ.

ವಾನ್ ಬೆಳೆದದ್ದು ನಾವಿರುವ ಊರಿನಲ್ಲೇ. ಟೆಕ್ಸಸ್‌ನ ಆಸ್ಟಿನ್‌ಗೆ ಉತ್ತರದಲ್ಲಿ ಅಂಟಿಕೊಂಡಿರುವ ರೌಂಡ್ ರಾಕ್, ಡೆಲ್ ಕಂಪನಿಯ ಕೇಂದ್ರ ಕಚೇರಿ ಇರುವ ಊರು. ಹಾಗಾಗಿ ಬೆಂಗಳೂರು, ಮೈಸೂರು ಕಡೆಯಿಂದ ಬಂದ ಸಾಫ್ಟ್‌ವೇರ್ ಮಂದಿಗೆ ಇಲ್ಲಿ ಬರವಿಲ್ಲ. ವಾನ್ ಓದಿದ್ದು ಇಲ್ಲಿನ ಸೀಡರ್ ರಿಡ್ಜ್ ಹೈಸ್ಕೂಲಿನಲ್ಲಿ. ಶುಕ್ರವಾರ ಸಂಜೆ ಕೆಲ್ಲಿ ರೀವ್ಸ್ ಮೈದಾನದ ದೀಪ ಹತ್ತಿತೆಂದರೆ ಊರಿಗೆ ಊರೇ ಅಲ್ಲಿರುತ್ತದೆ. ಮೊದಮೊದಲು ನಾನು ಹೋಗುತ್ತಿದ್ದದ್ದು ಬ್ಯಾಂಡ್ ಕೇಳಲು ಮತ್ತು ನಾಚೋಸ್ ತಿನ್ನಲು. ಆಟ ತಲೆಗೆ ಹತ್ತಿದ್ದು ನಿಧಾನವಾಗಿ.

ಈ ಪ್ರಕರಣವನ್ನು ಕೂತು ಬರೆಯುವಂತೆ ಮಾಡಿದವನು ಪಕ್ಕದ ಮನೆಯ ಹುಡುಗ. ಅಪ್ಪ ಅಮ್ಮ ಹಾಸನದ ಕಡೆಯವರು, ಮಗ ಇಲ್ಲೇ ಹುಟ್ಟಿದವನು, ಹನ್ನೊಂದನೇ ತರಗತಿ, ತನ್ನ ಶಾಲೆಯ ತಂಡದಲ್ಲಿ ರನ್ನಿಂಗ್ ಬ್ಯಾಕ್. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದು ಅಳೆದರೆ ಐದಡಿ ಐದೂ ಮುಕ್ಕಾಲು. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಅಂಕಲ್, ಡ್ಯೂಸ್‌ಗೆ ಸಿಕ್ಕಿತಲ್ಲ, ನನಗೆ ಯಾಕೆ ಸಿಗಲ್ಲ?" ಸ್ಕಾಲರ್‌ಶಿಪ್ ವಿಷಯ. ಕಾಲೇಜು ಕೋಚ್‌ಗಳಿಗೆ ಕಳಿಸಲು ಅವನು ಕತ್ತರಿಸಿ ಜೋಡಿಸಿದ್ದ ವಿಡಿಯೊದಲ್ಲಿ ಮೊದಲನೆಯದೇ ಎಂಬತ್ತು ಗಜದ ಓಟ: ಎಡಕ್ಕೆ ಹೊರಳಿ, ಗೆರೆಯ ಪಕ್ಕದಲ್ಲೇ ಒಬ್ಬರ ಕೈಗೂ ಸಿಗದೆ ಕೊನೆ ಮುಟ್ಟಿದ್ದ. ಅವನ ಅಮ್ಮ ಅದನ್ನು ಹಾಸನದ ಅಜ್ಜಿಗೂ ವಾಟ್ಸಾಪ್ ಮಾಡಿದ್ದರು. ಆ ಓಟ ನೋಡಿ ನನಗೆ ಏನೂ ಗೊತ್ತಾಗಲಿಲ್ಲ ಅಂತ ಹುಡುಗನಿಗೆ ಹೇಳಬೇಕಾಗಿ ಬಂತು. ಯಾಕೆ ಅನ್ನುವುದಕ್ಕೆ ವಾನ್ ಕತೆಯನ್ನೇ ಹಿಡಿಯಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಒಂದೋ ಎಸೆಯುತ್ತಾನೆ, ಇಲ್ಲವೇ ಪಕ್ಕದಲ್ಲಿ ನಿಂತವನ ಹೊಟ್ಟೆಗೆ ತುರುಕುತ್ತಾನೆ. ಹಾಗೆ ತುರುಕಿಸಿಕೊಂಡು ಓಡುವವನೇ ರನ್ನಿಂಗ್ ಬ್ಯಾಕ್. ಕಬಡ್ಡಿ ನೋಡಿ ಬೆಳೆದವರಿಗೆ ಇದು ತಿಳಿಯುವುದು ಸುಲಭ. ರೈಡರ್ ಏಳು ಜನರಿಂದ ತಪ್ಪಿಸಿಕೊಂಡು ನಡುಗೆರೆ ಮುಟ್ಟಬೇಕು, ಇವನು ಹನ್ನೊಂದು ಜನರಿಂದ ತಪ್ಪಿಸಿಕೊಂಡು ಎದುರು ದಿಕ್ಕಿನ ಗೆರೆ ಮುಟ್ಟಬೇಕು. ಮುಟ್ಟಿದರೆ ಟಚ್‌ಡೌನ್. ಕಬಡ್ಡಿಯಲ್ಲಿ ಆಟಗಾರನ ತೂಕಕ್ಕೆ ಮಿತಿ ಇದೆ. ಇಲ್ಲಿ ಇಲ್ಲ. ಎದುರಿಗೆ ಕೂತಿರುವ ಲೈನ್‌ಮನ್ 130 ಕಿಲೊ, ಅವನ ಹಿಂದೆ ಓಡಿ ಬರುವ ಲೈನ್‌ಬ್ಯಾಕರ್ 100 ಕಿಲೊ.

2019ರ ಪ್ರಶ್ನೆ

2018ರ ಋತು ಮುಗಿದ ಮೇಲೆ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಬಿಲ್ ಸ್ನೈಡರ್ ನಿವೃತ್ತರಾದರು. ಅವರ ಜಾಗಕ್ಕೆ ನಾರ್ತ್ ಡಕೋಟ ಸ್ಟೇಟ್‌ನಿಂದ ಕ್ರಿಸ್ ಕ್ಲೈಮನ್ ಬಂದರು. ಹೊಸ ಕೋಚ್, ಊರು ಮ್ಯಾನ್‌ಹಟನ್. ನ್ಯೂಯಾರ್ಕಿನದ್ದಲ್ಲ, ಸುತ್ತ ಹುಲ್ಲುಗಾವಲಿರುವ ಕ್ಯಾನ್ಸಸ್‌ನ ಪುಟ್ಟ ಮ್ಯಾನ್‌ಹಟನ್. ಆಗ ಒಂದು ತಂಡ ಒಟ್ಟು 85 ಸ್ಕಾಲರ್‌ಶಿಪ್ ಇಟ್ಟುಕೊಳ್ಳಬಹುದಿತ್ತು, ವರ್ಷಕ್ಕೆ ಹೊಸದಾಗಿ 25. ಆ 25ರಲ್ಲಿ ರನ್ನಿಂಗ್ ಬ್ಯಾಕ್‌ಗೆ ಒಂದು, ಬಹಳವೆಂದರೆ ಎರಡು. ತಪ್ಪು ಹುಡುಗನಿಗೆ ಕೊಟ್ಟರೆ ನಾಲ್ಕು ವರ್ಷ ಬೆಂಚಿನ ಮೇಲೆ ಅವನ ಮುಖ ನೋಡುತ್ತಾ ಇರಬೇಕು.

2020ರ ಬ್ಯಾಚಿಗೆ ವಾನ್‌ಗೆ ಅಂಥದ್ದೊಂದು ಕೊಡಬೇಕೇ ಅನ್ನುವುದು 2019ರಲ್ಲಿ ಕ್ಲೈಮನ್ ಮುಂದಿದ್ದ ಪ್ರಶ್ನೆ. ನೇಮಕಾತಿ ಪಟ್ಟಿ ಮಾಡುವವರು ಅವನನ್ನು ಐದರಲ್ಲಿ ಮೂರು ನಕ್ಷತ್ರದವನು ಅಂದಿದ್ದರು. ಅದೇ 2020ರ ಬ್ಯಾಚಿಗೆ ಟೆಕ್ಸಸ್ ವಿಶ್ವವಿದ್ಯಾಲಯ ಅರಿಝೋನಾದ ಟೂಸಾನ್‌ನಿಂದ ಬಿಜಾನ್ ರಾಬಿನ್ಸನ್ ಎಂಬ ಐದು ನಕ್ಷತ್ರದ ಹುಡುಗನನ್ನು ಕರೆತಂದಿತು. ಆಸ್ಟಿನ್‌ನ ಟೆಕ್ಸಸ್ ಮೈದಾನಕ್ಕೂ ವಾನ್ ಶಾಲೆಗೂ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ರಾಬಿನ್ಸನ್ ಇದ್ದದ್ದು ಎರಡು ರಾಜ್ಯ ದಾಟಿ. ಟೆಕ್ಸಸ್ ತಪ್ಪು ಮಾಡಿತು ಅಂತ ನಾನು ಹೇಳುತ್ತಿಲ್ಲ. ರಾಬಿನ್ಸನ್ ಅಪರೂಪದ ಆಟಗಾರ, ಅವನು ಸಿಕ್ಕರೆ ಯಾರೂ ಬಿಡುವುದಿಲ್ಲ. ಆದರೆ ಕ್ಯಾನ್ಸಸ್ ಸ್ಟೇಟ್‌ಗೆ ಅಂಥವನು ಸಿಗುವುದೇ ಇಲ್ಲ. ದೊಡ್ಡ ಮಂಡಿಯಲ್ಲಿ ಮೊದಲ ದರ್ಜೆಯ ಹಣ್ಣು ಬೆಳಿಗ್ಗೆಯೇ ಖಾಲಿಯಾಗುತ್ತದೆ, ತಡವಾಗಿ ಬಂದವರು ಸಿಪ್ಪೆಯ ಮೇಲೆ ಚುಕ್ಕೆ ಇದ್ದರೂ ಒಳಗೆ ಕೆಡದ ಹಣ್ಣನ್ನು ಮುಟ್ಟಿ ನೋಡಿ ಆರಿಸಬೇಕು. ವಾನ್ ಮೈಮೇಲಿದ್ದ ಚುಕ್ಕೆ ಎತ್ತರ. ಒಳಗೆ ಕೆಟ್ಟಿದೆಯೇ ಅನ್ನುವುದು ಕೋಚ್ ನೋಡಬೇಕಾದ ವಿಷಯ.

ಗಿಡ್ಡ ಅಂದರೆ ಸಣ್ಣ ಅಂತ ಅಲ್ಲ. ಜನ ಮೊದಲು ಎಡವುವುದು ಇಲ್ಲೇ. ಐದಡಿ ಐದಿಂಚಿಗೆ 81 ಕಿಲೊ ಅಂದರೆ ಬಿಎಂಐ ಹತ್ತಿರ ಹತ್ತಿರ 30. ಐದಡಿ ಹನ್ನೊಂದಿಂಚಿನ, 97 ಕಿಲೊ ತೂಕದ ಮಾಮೂಲಿ ಎನ್‌ಎಫ್‌ಎಲ್ ರನ್ನಿಂಗ್ ಬ್ಯಾಕ್ ಲೆಕ್ಕ ಹಾಕಿದರೂ 30ರ ಆಸುಪಾಸೇ ಬರುತ್ತದೆ. ಜಯನಗರದ ಡಾಕ್ಟರ ಮುಂದೆ ಇಬ್ಬರೂ ಹೋಗಿ ನಿಂತರೆ ಇಬ್ಬರಿಗೂ ಅನ್ನ ಕಡಿಮೆ ಮಾಡಿ ಅನ್ನುತ್ತಾರೆ. ಅಂದರೆ ವಾನ್ ಒಬ್ಬ ಪೂರ್ತಿ ಗಾತ್ರದ ರನ್ನಿಂಗ್ ಬ್ಯಾಕ್, ಮೇಲಿಂದ ಒತ್ತಿ ಕುಳ್ಳಗೆ ಮಾಡಿದ ಹಾಗೆ. ತೊಡೆ, ಸೊಂಟ, ಹಿಂಭಾಗದ ದಪ್ಪ ಕಡಿಮೆ ಇಲ್ಲ. ಹದಿನೇಳು ವಯಸ್ಸಿನ ಹುಡುಗನನ್ನು ನೋಡುವಾಗ ಕೋಚ್ ಕೇಳಿಕೊಳ್ಳಬೇಕಾದ್ದು ಇನ್ನೆಷ್ಟು ಇಂಚು ಬೆಳೆಯುತ್ತಾನೆ ಅಂತಲ್ಲ, ಚುರುಕು ಕಳೆದುಕೊಳ್ಳದೆ ಇನ್ನೆಷ್ಟು ಕಿಲೊ ಹೊರುತ್ತಾನೆ ಅಂತ. ತೆಳ್ಳಗಿನ ಸೊಂಟದ ಐದಡಿ ಒಂಬತ್ತಿಂಚಿನ ಹುಡುಗನಿಗಿಂತ ಗಟ್ಟಿ ಸೊಂಟದ ಐದಡಿ ಐದಿಂಚಿನವನು ನನ್ನ ಲೆಕ್ಕದಲ್ಲಿ ಕಡಿಮೆ ಅಪಾಯದ ಪಂತ.

ಎರಡನೆಯದು ವೇಗ. ಸಣ್ಣ ಹುಡುಗ ಅಂದ ಕೂಡಲೇ ಎಲ್ಲರೂ ಸ್ಟಾಪ್‌ವಾಚ್ ತೆಗೆಯುತ್ತಾರೆ. ವಾನ್ ವಿಚಿತ್ರ ಅಂದರೆ ಅವನ ನಲವತ್ತು ಗಜದ ಓಟ 4.5 ಸೆಕೆಂಡಿನ ಆಸುಪಾಸು. ಚೆನ್ನಾಗಿದೆ, ಆದರೆ ಕಣ್ಣು ಅರಳಿಸುವಂಥದ್ದಲ್ಲ. 2008ರಲ್ಲಿ ಕ್ರಿಸ್ ಜಾನ್ಸನ್ 4.24ರಲ್ಲಿ ಓಡಿದ್ದ. "ಸಣ್ಣ, ಆದರೆ ಮಿಂಚಿನ ವೇಗ" ಅನ್ನುವ ಚೀಟಿ ಅಂಟಿಸಿ ವಾನ್‌ನನ್ನು ಅಳೆದಿದ್ದರೆ ಅವನು ಆ ಚೀಟಿಗೂ ತೇರ್ಗಡೆಯಾಗುತ್ತಿರಲಿಲ್ಲ. ಅವನಲ್ಲಿ ಇದ್ದದ್ದು ಬೇರೆ: ಲೈನ್‌ಮನ್‌ಗಳ ಬೆನ್ನ ಹಿಂದೆ ಅರೆಕ್ಷಣ ತಡೆದು ನಿಂತು, ಸಂದು ತೆರೆದ ಕೂಡಲೇ ಎರಡೇ ಹೆಜ್ಜೆಯಲ್ಲಿ ಪೂರ್ತಿ ವೇಗಕ್ಕೆ ಬರುವುದು. ಆ ತಡೆದು ನಿಲ್ಲುವುದು ಸಣ್ಣವನಿಗೆ ಲಾಭ. ಆರಡಿ ಐದಿಂಚಿನ ಐದು ಜನರ ಗೋಡೆಯ ಹಿಂದೆ ಅವನು ಎದುರಾಳಿ ಲೈನ್‌ಬ್ಯಾಕರ್‌ನ ಕಣ್ಣಿಗೆ ಕಾಣುವುದೇ ಇಲ್ಲ. ಕಂಡಾಗ ಎರಡು ಗಜ ಪಕ್ಕದಲ್ಲಿರುತ್ತಾನೆ.

ಇದನ್ನು ಎಂಬತ್ತು ಗಜದ ಓಟದಲ್ಲಿ ನೋಡಲು ಆಗುವುದಿಲ್ಲ. ಅದಕ್ಕೆ ಮೈದಾನದ ಗೆರೆಗಳೂ ಒಂದು ಕಾರಣ. ಮೈದಾನದ ಅಗಲ ಎಲ್ಲ ಹಂತದಲ್ಲೂ 160 ಅಡಿ. ಆದರೆ ಪ್ರತಿ ಪ್ರಯತ್ನಕ್ಕೆ ಚೆಂಡನ್ನು ಇಡುವ ಒಳಗೆರೆಗಳು ಬೇರೆ ಬೇರೆ. ಕ್ಯಾನ್ಸಸ್ ಸೇರಿದಂತೆ ದೇಶದ ಬಹುತೇಕ ರಾಜ್ಯಗಳ ಹೈಸ್ಕೂಲು ಆಟದಲ್ಲಿ ಆ ಗೆರೆಗಳ ನಡುವೆ 53 ಅಡಿ 4 ಇಂಚು, ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಚೆಂಡು ಎಡಗೆರೆಯ ಮೇಲಿದೆ ಅಂದುಕೊಳ್ಳಿ. ಬಲಕ್ಕೆ ಓಡಲು ಹೈಸ್ಕೂಲಿನಲ್ಲಿ ಸುಮಾರು 107 ಅಡಿ ಬಯಲು, ಕಾಲೇಜಿನಲ್ಲಿ 100, ಎನ್‌ಎಫ್‌ಎಲ್‌ನಲ್ಲಿ 89. ಹಂತ ಏರಿದಂತೆ ಬಯಲು ಕಿರಿದಾಗುತ್ತದೆ, ಅಟ್ಟಿಸಿಕೊಂಡು ಬರುವವರು ಇನ್ನೂ ವೇಗದವರಾಗುತ್ತಾರೆ. ಹೈಸ್ಕೂಲಿನಲ್ಲಿ ವೇಗದ ಹುಡುಗ ಎಲ್ಲರನ್ನೂ ಸುತ್ತು ಹಾಕಿ ಹೊರಗಿನಿಂದ ಹೋಗಿಬಿಡುತ್ತಾನೆ, ನಾಳೆ ಕಾಲೇಜಿನಲ್ಲಿ ಆ ದಾರಿಯೇ ಮುಚ್ಚಿರುತ್ತದೆ. ಆದ್ದರಿಂದ ಉದ್ದ ಓಟದ ತುಣುಕು ಎದುರಾಳಿ ಶಾಲೆಯ ಬಗ್ಗೆ ಹೇಳುವಷ್ಟು ಓಡಿದವನ ಬಗ್ಗೆ ಹೇಳುವುದಿಲ್ಲ.

ನಾನು ನೋಡುವುದು ಮೂರು ಗಜದ ಓಟ. ಮೂರನೇ ಪ್ರಯತ್ನ, ಎರಡು ಗಜ ಬೇಕು, ಎಲ್ಲರಿಗೂ ಗೊತ್ತು ಚೆಂಡು ಯಾರಿಗೆ ಬರುತ್ತದೆ ಅಂತ. ಒಬ್ಬ ಬಂದು ಸೊಂಟಕ್ಕೆ ಕೈ ಹಾಕಿದ ಮೇಲೆ ಏನಾಗುತ್ತದೆ? ಕಾಲು ನಿಲ್ಲುತ್ತದೋ, ಆಡುತ್ತಲೇ ಇರುತ್ತದೋ? ಹಿಂದಕ್ಕೆ ಬೀಳುತ್ತಾನೋ, ಮುಂದಕ್ಕೋ? ಮುಂದಕ್ಕೆ ಬೀಳುವ ಐದಡಿ ಐದಿಂಚಿನವನಿಗೂ ಹಿಂದಕ್ಕೆ ಬೀಳುವ ಆರಡಿಯವನಿಗೂ ನಡುವೆ ಒಂದು ಪಂದ್ಯಕ್ಕೆ ಮೂವತ್ತು ಗಜ ವ್ಯತ್ಯಾಸ ಬಂದರೂ ಬಂದೀತು. ಕಾನ್ಪುರದಲ್ಲಿ 1969ರಲ್ಲಿ ನಮ್ಮ ವಿಶಿ ಆಸ್ಟ್ರೇಲಿಯಾದ ಮೇಲೆ ಮೊದಲ ಟೆಸ್ಟ್‌ನಲ್ಲೇ 137 ಹೊಡೆದಾಗ ಯಾರೂ ಅವರ ಎತ್ತರ ಅಳೆಯಲು ಹೋಗಲಿಲ್ಲ, ಸ್ಕ್ವೇರ್ ಕಟ್ ನೋಡಿದರು. ಕ್ರಿಕೆಟ್‌ನಲ್ಲಿ ಎದುರಿನವನು ಬಂದು ಡಿಕ್ಕಿ ಹೊಡೆಯುವುದಿಲ್ಲ ಅನ್ನುವುದು ಬೇರೆ ಮಾತು.

ಆ ಡಿಕ್ಕಿಯ ವಿಷಯವೇ ಸಣ್ಣವರ ನಿಜವಾದ ತೊಂದರೆ. ಓಡುವುದರಲ್ಲಿ ಅಲ್ಲ, ತಡೆಯುವುದರಲ್ಲಿ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಹಿಂದೆ ಸರಿದಾಗ ಎದುರಾಳಿ ಕೆಲವೊಮ್ಮೆ ಹೆಚ್ಚುವರಿ ಒಬ್ಬನನ್ನು ನುಗ್ಗಿಸುತ್ತಾನೆ. ಇದಕ್ಕೆ ಬ್ಲಿಟ್ಜ್ ಅನ್ನುತ್ತಾರೆ. ಅವನನ್ನು ತಡೆಯುವ ಹೊಣೆ ಬಹಳ ಸಲ ರನ್ನಿಂಗ್ ಬ್ಯಾಕ್‌ನದ್ದು. 105 ಕಿಲೊ ಆಳು ಹತ್ತು ಗಜ ಓಡಿ ಬಂದು ಎದೆಗೆ ಅಪ್ಪಳಿಸುವಾಗ 80 ಕಿಲೊ ಹುಡುಗ ಅಡಿ ಕದಲದೆ ನಿಲ್ಲಬೇಕು. ಎಷ್ಟೇ ತಗ್ಗಿ ಹಿಡಿದರೂ ಕೆಲವು ಸಲ ಕ್ವಾರ್ಟರ್‌ಬ್ಯಾಕ್ ಕಾಲಬುಡಕ್ಕೆ ಹೋಗಿ ಬೀಳುತ್ತಾನೆ. ಇದಕ್ಕೆ ತಂಡದ ಮುಂದಿರುವ ಉಪಾಯ ಒಂದೇ: ಅವನನ್ನು ತಡೆಯಲು ನಿಲ್ಲಿಸಬೇಡ, ಚೆಂಡು ಹಿಡಿಯಲು ಹೊರಗೆ ಕಳಿಸು. ನುಗ್ಗಿ ಬಂದವನು ಬಿಟ್ಟುಬಂದ ಜಾಗದಲ್ಲೇ ಅವನಿಗೆ ಚೆಂಡು ಕೊಡು. ಅಂದರೆ ಈ ಹುಡುಗ ಚೆನ್ನಾಗಿ ಚೆಂಡು ಹಿಡಿಯಬೇಕು. ಹಿಡಿಯದಿದ್ದರೆ ಅವನಿಂದ ಅರ್ಧ ಆಟ ಮಾತ್ರ ಆಡಿಸಬಹುದು, ಅವನು ಮೈದಾನಕ್ಕೆ ಇಳಿದ ಕೂಡಲೇ ಎದುರಾಳಿಗೆ ಆಟ ಗೊತ್ತಾಗುತ್ತದೆ. ಸಣ್ಣ ರನ್ನಿಂಗ್ ಬ್ಯಾಕ್‌ಗೆ ಸ್ಕಾಲರ್‌ಶಿಪ್ ಕೊಡಬೇಕೇ ಅನ್ನುವ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಅವನ ಅಂಗೈ ಮೇಲೆ, ಕಾಲ ಮೇಲೆ ಅಲ್ಲ. ಪಕ್ಕದ ಮನೆ ಹುಡುಗನ ವಿಡಿಯೊದಲ್ಲಿ ಚೆಂಡು ಹಿಡಿದ ಒಂದು ತುಣುಕೂ ಇರಲಿಲ್ಲ.

ವಾನ್ ಚೆಂಡು ಹಿಡಿಯುತ್ತಿದ್ದ, ಅದೂ ಅಂಚಿನಲ್ಲಿ ನಿಲ್ಲುವ ರಿಸೀವರ್‌ಗಳ ಹಾಗೆ. ಜೊತೆಗೆ ಅವನ ಅಪ್ಪ ಕ್ರಿಸ್ ವಾನ್ ಕಾಲೇಜು ಕೋಚ್ ಆಗಿದ್ದವರು, ಆಮೇಲೆ ಡಲ್ಲಸ್ ಕೌಬಾಯ್ಸ್ ತಂಡದ ಸ್ಕೌಟ್. ಆಟಗಾರರನ್ನು ತೂಗಿ ನೋಡುವುದೇ ಕಸುಬಾದವರ ಮನೆಯ ಮಗ. ಹೆಸರೂ ಅಪ್ಪನದ್ದೇ, ಕ್ರಿಸ್ಟೋಫರ್ ವಾನ್ ಎರಡನೆಯವನು, ಅದಕ್ಕೇ ಡ್ಯೂಸ್.

ಇಪ್ಪತ್ತು ವರ್ಷ ಹಿಂದಿನ ಕಡತ

ಕ್ಲೈಮನ್ ಹೊಸಬರಾದರೂ ಅವರು ಬಂದು ಕೂತ ಊರಿಗೆ ಈ ಪ್ರಶ್ನೆ ಹೊಸದಲ್ಲ. 2001ರಲ್ಲಿ ಅದೇ ಕ್ಯಾನ್ಸಸ್ ಸ್ಟೇಟ್‌ಗೆ ಒಲೇತ ನಾರ್ತ್ ಹೈಸ್ಕೂಲಿನಿಂದ ಡ್ಯಾರನ್ ಸ್ಪ್ರೋಲ್ಸ್ ಬಂದಿದ್ದ. ಐದಡಿ ಆರಿಂಚು. ಮೊದಲ ವರ್ಷ ಸ್ನೈಡರ್ ಅವನಿಗೆ ಚೆಂಡು ಕೊಟ್ಟದ್ದು ಬರೀ 28 ಸಲ. ಎರಡನೇ ವರ್ಷ 1,465 ಗಜ. ಮೂರನೇ ವರ್ಷ 306 ಸಲ ಚೆಂಡು ಹೊತ್ತು 1,986 ಗಜ. ಸಣ್ಣವನು ಇಡೀ ಋತು ಭಾರ ಹೊರಲಾರ ಅನ್ನುವವರಿಗೆ ಆ 306 ಅನ್ನುವ ಅಂಕಿ ಓದಿ ಹೇಳಿದರೆ ಸಾಕು.

2003ರ ಡಿಸೆಂಬರ್ 6ರಂದು ಕ್ಯಾನ್ಸಸ್ ಸಿಟಿಯ ಆರೋಹೆಡ್ ಮೈದಾನದಲ್ಲಿ, ಕ್ಯಾನ್ಸಸ್ ಸ್ಟೇಟ್ ಆಡುವ ಕಾಲೇಜು ಗುಂಪು, ಅಂದರೆ ಕಾನ್ಫರೆನ್ಸ್, ಆದ ಬಿಗ್ 12ರ ಫೈನಲ್. ಎದುರಿಗೆ ಅಲ್ಲಿಯವರೆಗೆ ಸೋಲೇ ಕಾಣದ, ದೇಶಕ್ಕೆ ನಂಬರ್ ಒನ್ ಆಗಿದ್ದ ಒಕ್ಲಹೋಮ. ಸ್ಪ್ರೋಲ್ಸ್ 235 ಗಜ ಓಡಿದ, ಹಿಡಿದ ಮೂರು ಚೆಂಡಿನಲ್ಲಿ ಇನ್ನೂ 88 ಗಜ. 60 ಗಜದ ಟಚ್‌ಡೌನ್ ಬಂದದ್ದು ಒಂದು ಸ್ಕ್ರೀನ್ ಪಾಸ್‌ನಲ್ಲಿ. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರಲು ಬಿಟ್ಟು, ಅವರ ತಲೆ ಮೇಲಿಂದ ಸಣ್ಣವನ ಕೈಗೆ ಚೆಂಡು ದಾಟಿಸುವ ಆಟ ಅದು. ಮೇಲೆ ಹೇಳಿದ ಉಪಾಯವೇ. ಫಲಿತಾಂಶ 35-7. ಕ್ಯಾನ್ಸಸ್ ಸ್ಟೇಟ್‌ಗೆ 1934ರ ನಂತರ ಸಿಕ್ಕಿದ ಮೊದಲ ಕಾನ್ಫರೆನ್ಸ್ ಪ್ರಶಸ್ತಿ. ಅಂದು ಸೋತ ಒಕ್ಲಹೋಮದ ಕೋಚ್ ಬಾಬ್ ಸ್ಟೂಪ್ಸ್ ಮತ್ತು ಸ್ಪ್ರೋಲ್ಸ್ ಇಬ್ಬರೂ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದದ್ದು ಒಂದೇ ವರ್ಷ, 2021ರಲ್ಲಿ. ಒಂದೇ ವೇದಿಕೆಯ ಮೇಲೆ ಇಬ್ಬರೂ ಎದುರು ಬದುರಾದಾಗ ಏನು ಮಾತಾಡಿಕೊಂಡರೋ.

ಕ್ಯಾನ್ಸಸ್ ರಾಜ್ಯಕ್ಕೆ ಇನ್ನೂ ಹಳೆಯ ನೆನಪೊಂದಿದೆ. ವಿಚಿಟ ನಾರ್ತ್ ಶಾಲೆಯ ಬ್ಯಾರಿ ಸ್ಯಾಂಡರ್ಸ್, ಐದಡಿ ಎಂಟು. ಎತ್ತರ ನೋಡಿ ದೊಡ್ಡ ಕಾಲೇಜುಗಳು ಮೂಗು ಮುರಿದವು, ಒಕ್ಲಹೋಮ ಸ್ಟೇಟ್ ಕರೆಯಿತು. 1988ರ ಒಂದೇ ಋತುವಿನಲ್ಲಿ 2,628 ಗಜ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ.

ಆದರೆ ಈ ಹೆಸರುಗಳನ್ನು ಪಠಿಸುವುದರಲ್ಲಿ ಒಂದು ಮೋಸವಿದೆ, ಅದನ್ನು ಹುಡುಗನಿಗೂ ಹೇಳಿದೆ. ನಮಗೆ ನೆನಪಿರುವುದು ಗೆದ್ದ ಕುಳ್ಳರು ಮಾತ್ರ. ಇದೇ ಎತ್ತರದ, ಇದೇ ವೇಗದ ಎಷ್ಟೋ ಹುಡುಗರು ಹೈಸ್ಕೂಲಿನ ಕೊನೆಯ ಶುಕ್ರವಾರದೊಂದಿಗೆ ಪ್ಯಾಡ್ ಬಿಚ್ಚಿಟ್ಟರು. ಅವರ ವಿಡಿಯೊದಲ್ಲೂ ಎಂಬತ್ತು ಗಜದ ಓಟ ಇತ್ತು.

ಮೂರು ವರ್ಷದ ಲೆಕ್ಕ

2020ರ ಸೆಪ್ಟೆಂಬರ್ 26. ಕೋವಿಡ್ ವರ್ಷ, ಮುಕ್ಕಾಲು ಭಾಗ ಖಾಲಿ ಮೈದಾನ. ಒಕ್ಲಹೋಮದ ಅಂಗಳದಲ್ಲಿ ಕ್ಯಾನ್ಸಸ್ ಸ್ಟೇಟ್ 35-14ರಿಂದ ಹಿಂದೆ ಬಿದ್ದಿತ್ತು. ಕೊನೆಗೆ ಗೆದ್ದದ್ದು 38-35ರಿಂದ. ಕಾಲೇಜಿಗೆ ಕಾಲಿಟ್ಟು ಎರಡನೇ ಪಂದ್ಯ ಆಡುತ್ತಿದ್ದ ವಾನ್ ಅಂದು ಓಡಿದ್ದಕ್ಕಿಂತ ಹಿಡಿದದ್ದರಲ್ಲೇ ಹೆಚ್ಚು ಗಳಿಸಿದ: 129 ಗಜ. ಕೋಚ್‌ಗಳು ಅಂಗೈ ನೋಡಿ ಹಾಕಿದ ಲೆಕ್ಕ ಎರಡನೇ ಪಂದ್ಯಕ್ಕೇ ತಾಳೆಯಾಯಿತು. ಆ ವರ್ಷ ಒಟ್ಟು 642 ಗಜ ಓಟ, 434 ಗಜ ಹಿಡಿತ.

2021ರಲ್ಲಿ 235 ಸಲ ಚೆಂಡು ಹೊತ್ತು 1,404 ಗಜ, 18 ಟಚ್‌ಡೌನ್. 2022ರಲ್ಲಿ 293 ಸಲ, 1,558 ಗಜ. ಎರಡು ವರ್ಷವೂ ಒಮ್ಮತದ ಆಲ್ ಅಮೆರಿಕನ್, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ ಹೆಸರು. 2022ರ ಡಿಸೆಂಬರ್ 3ರಂದು ಆರ್ಲಿಂಗ್ಟನ್‌ನ ಎಟಿ ಅಂಡ್ ಟಿ ಮೈದಾನದಲ್ಲಿ ಅಲ್ಲಿಯವರೆಗೆ ಅಜೇಯವಾಗಿದ್ದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ವಿರುದ್ಧ ಬಿಗ್ 12 ಫೈನಲ್, ಹೆಚ್ಚುವರಿ ಅವಧಿಯಲ್ಲಿ 31-28. ವಾನ್ ಪಾಲು 130 ಗಜ. ತಿಂಗಳ ಕೊನೆಗೆ ಶುಗರ್ ಬೌಲ್‌ನಲ್ಲಿ ಅಲಬಾಮಾ 45-20ರಿಂದ ಚಚ್ಚಿ ಹಾಕಿತು ನಿಜ. ಆದರೆ ಪಂದ್ಯದ ಶುರುವಿನಲ್ಲಿ ಎನ್‌ಎಫ್‌ಎಲ್‌ಗೆ ಹೊರಟು ನಿಂತಿದ್ದ ಹುಡುಗರೇ ತುಂಬಿದ್ದ ಆ ರಕ್ಷಣಾ ಪಡೆಯ ನಡುವಿನಿಂದ ವಾನ್ 88 ಗಜ ಓಡಿ ಟಚ್‌ಡೌನ್ ಹೊಡೆದ. ಹೈಸ್ಕೂಲಿನ ಉದ್ದ ಓಟ ಏನೂ ಹೇಳುವುದಿಲ್ಲ ಅಂದೆನಲ್ಲ, ಅಲಬಾಮಾ ಮೇಲಿನ ಉದ್ದ ಓಟ ಹೇಳುತ್ತದೆ.

ಇದು ಅವನೊಬ್ಬನ ಸಾಧನೆ ಅನ್ನಲೂ ಆಗದು. ಮುಂದೆ ಕೂಪರ್ ಬೀಬಿಯಂಥ 145 ಕಿಲೊ ಗಾರ್ಡ್ ದಾರಿ ಬಿಡಿಸುತ್ತಿದ್ದ. ಅವನ ಬೆನ್ನ ಹಿಂದೆ ವಾನ್‌ಗೆ ಅಡಗಲು ಜಾಗವೋ ಜಾಗ. ಮೂರು ವರ್ಷ ಸೇರಿಸಿದರೆ 3,604 ಗಜ ಓಟ, 116 ಹಿಡಿತ, 1,280 ಗಜ, ಎರಡೂ ಸೇರಿ 43 ಟಚ್‌ಡೌನ್. ಮೂರು ನಕ್ಷತ್ರದ ಒಂದು ಸ್ಕಾಲರ್‌ಶಿಪ್‌ಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಅದೇ 2022ರಲ್ಲಿ, ಅದೇ ಕಾನ್ಫರೆನ್ಸ್‌ನಲ್ಲಿ ಬಿಜಾನ್ ರಾಬಿನ್ಸನ್ ಓಡಿದ್ದು 1,580 ಗಜ. ವಾನ್‌ಗಿಂತ 22 ಗಜ ಹೆಚ್ಚು. ರಾಬಿನ್ಸನ್ ಎರಡು ಪಂದ್ಯ ಕಡಿಮೆ ಆಡಿದ್ದ, 258 ಸಲವಷ್ಟೇ ಚೆಂಡು ಹೊತ್ತಿದ್ದ, ಪ್ರತಿ ಓಟಕ್ಕೆ 6.1 ಗಜ. ವಾನ್‌ನದ್ದು 5.3. ಯಾರು ಮೇಲು ಅನ್ನುವುದರಲ್ಲಿ ಜಗಳವಿಲ್ಲ. ಆದರೆ 2023ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಲ್ಲಿ, ರಾಬಿನ್ಸನ್ 8ನೆಯವನಾಗಿ ಅಟ್ಲಾಂಟಾಕ್ಕೆ ಹೋದ, ವಾನ್ ಆರನೇ ಸುತ್ತಿನಲ್ಲಿ 212ನೆಯವನಾಗಿ ಡಲ್ಲಸ್‌ಗೆ. ಮಗನಿಗೆ ಫೋನಿನಲ್ಲಿ ಸುದ್ದಿ ಹೇಳಿದ್ದು ಆ ತಂಡದ ಸ್ಕೌಟ್ ಆಗಿದ್ದ ಅಪ್ಪನೇ. ಮುಂದಿನ ವಾರದಿಂದ ನನ್ನ ಜೊತೆ ಕೆಲಸಕ್ಕೆ ಬರುತ್ತೀಯಾ ಅಂತ ಗಂಟಲು ಕಟ್ಟಿ ಕೇಳಿದ ಆ ವಿಡಿಯೊ ನಮ್ಮ ಆಸ್ಟಿನ್ ಕಡೆಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ನಾನೂ ಎರಡು ಸಲ ನೋಡಿದೆ. ಮೂರು ಸಲವೇ ಇರಬೇಕು.

ಎನ್‌ಎಫ್‌ಎಲ್‌ನಲ್ಲಿ ಕತೆ ಮುಂದೆ ಸಾಗಲಿಲ್ಲ. ಮೊದಲ ವರ್ಷ 23 ಓಟ, 40 ಗಜ. 2025ರ ಋತು ಶುರುವಾಗುವ ಮುಂಚೆ ಡಲ್ಲಸ್ ಅವನನ್ನು ಬಿಟ್ಟುಕೊಟ್ಟಿತು. ಆಗ ಕೆಲವರು ಬರೆದರು: ನೋಡಿ, ಎತ್ತರದ ವಿಷಯದಲ್ಲಿ ಅನುಮಾನ ಪಟ್ಟವರೇ ಸರಿ. ಈ ಪ್ರಕರಣದಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿ. 2019ರಲ್ಲಿ ಕ್ಯಾನ್ಸಸ್ ಸ್ಟೇಟ್ ಕೇಳಿಕೊಂಡದ್ದು ಇವನು 2025ರಲ್ಲಿ ಡಲ್ಲಸ್‌ಗೆ ಆಡುತ್ತಾನೆಯೇ ಅಂತ ಅಲ್ಲ. ಇವನಿಂದ ನಮಗೆ ಬಿಗ್ 12 ಗೆಲ್ಲಲು ಆಗುತ್ತದೆಯೇ ಅಂತ. ಗೆದ್ದರು. ಹಾಸನದ ಮಂಡಿಯಲ್ಲಿ ಆಲೂಗೆಡ್ಡೆ ಕೊಂಡವನು ಸಾಂಬಾರಿಗೆ ಹೇಗಾಯಿತು ನೋಡುತ್ತಾನೆ, ದುಬೈಗೆ ರಫ್ತಾಯಿತೇ ಅಂತ ಅಲ್ಲ. ಕಾಲೇಜು ನೇಮಕಾತಿಯನ್ನು ಡ್ರಾಫ್ಟ್ ಸಂಖ್ಯೆಯಿಂದ ತೂಗುವ ಅಭ್ಯಾಸ ಬಿಟ್ಟ ಹೊರತು ಯಾವ ಸಣ್ಣ ಹುಡುಗನ ಬಗ್ಗೆಯೂ ಸರಿಯಾದ ತೀರ್ಪು ಬರದು.

ಹಾಗಾದರೆ ಸ್ಪ್ರೋಲ್ಸ್‌ಗೆ ಎನ್‌ಎಫ್‌ಎಲ್‌ನಲ್ಲಿ ಆದದ್ದು ವಾನ್‌ಗೆ ಯಾಕೆ ಆಗಲಿಲ್ಲ? ಸ್ಪ್ರೋಲ್ಸ್ ಕೂಡ 2005ರಲ್ಲಿ ನಾಲ್ಕನೇ ಸುತ್ತಿನಲ್ಲಿ 130ನೆಯವನಾಗಿಯೇ ಹೋದದ್ದು. 40 ಗಜ ಓಡಿದ್ದು 4.47ರಲ್ಲಿ, ತೂಕ 85 ಕಿಲೊ, ವಾನ್‌ಗಿಂತ ನಾಲ್ಕು ಕಿಲೊ ಜಾಸ್ತಿ. ಆ ನಾಲ್ಕು ಕಿಲೊ ಮುಖ್ಯ, ಆದರೆ ಪೂರ್ತಿ ಉತ್ತರ ಅದಲ್ಲ. 2011ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಪರವಾಗಿ ಸ್ಪ್ರೋಲ್ಸ್ ಒಂದೇ ಋತುವಿನಲ್ಲಿ ಒಟ್ಟು 2,696 ಗಜ ಗಳಿಸಿ ದಾಖಲೆ ಮಾಡಿದ. ಬಿಡಿಸಿ ನೋಡಿ: ಓಟ 603, ಹಿಡಿತ 710, ಕಿಕ್ ರಿಟರ್ನ್ 1,089, ಪಂಟ್ ರಿಟರ್ನ್ 294. ರನ್ನಿಂಗ್ ಬ್ಯಾಕ್ ಅಂತ ಕರೆಸಿಕೊಂಡವನ ಗಳಿಕೆಯಲ್ಲಿ ಓಟ ಕಾಲುಭಾಗವೂ ಇಲ್ಲ. ಆ 603 ಅವನ ಇಡೀ ವೃತ್ತಿಯಲ್ಲೇ ಒಂದು ಋತುವಿನ ಅತಿ ಹೆಚ್ಚು ಓಟ. ಅವನು ಬದುಕಿದ್ದು ಎದುರಾಳಿ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವ ಕೆಲಸದಿಂದ. ಕಾಲೇಜಿನಲ್ಲಿ ವಾನ್ ಆ ಕೆಲಸ ಹೆಚ್ಚು ಮಾಡಿರಲಿಲ್ಲ. ಡಲ್ಲಸ್‌ನಲ್ಲಿ ಆ ಕೆಲಸಕ್ಕೆ ಆಗಲೇ ಕವಾಂಟೆ ಟರ್ಪಿನ್ ಇದ್ದ, ಅವನೂ ಸಣ್ಣ ಮೈಕಟ್ಟಿನವನೇ, ಅವನಿಗೆ ವೇಗ ಬೇರೆ ಜಾಸ್ತಿ. ವಾನ್‌ಗೆ ಅಲ್ಲಿ ಖಾಲಿ ಇದ್ದ ಕುರ್ಚಿ ಇರಲಿಲ್ಲ.

ವಾನ್ ಬಂದ 2020ಕ್ಕೂ ಇಂದಿಗೂ ಮಾರುಕಟ್ಟೆಯೇ ಬದಲಾಗಿದೆ. 2021ರಿಂದ ಆಟಗಾರರು ಒಂದು ವರ್ಷ ಸುಮ್ಮನೆ ಕೂರದೆ ಕಾಲೇಜು ಬದಲಿಸಬಹುದು, ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಹೀಗಾಗಿ ಕೋಚ್‌ಗೆ ಹದಿನೇಳರ ಕುಳ್ಳ ಹುಡುಗನ ಮೇಲೆ ಪಂತ ಕಟ್ಟುವ ಅಗತ್ಯ ಕಡಿಮೆ. ಚಿಕ್ಕ ಕಾಲೇಜಿನಲ್ಲಿ ಎರಡು ವರ್ಷ ಓಡಿ ತೋರಿಸಿದ ಇಪ್ಪತ್ತರ ಕುಳ್ಳನನ್ನೇ ಕರೆದುಕೊಳ್ಳಬಹುದು. ಹುಡುಗನಿಗೆ ನಾನು ಕೊಟ್ಟ ಸಲಹೆಯೂ ಅದೇ ದಾರಿಯದ್ದು: ದೊಡ್ಡ ಹೆಸರಿನ ಕಾಲೇಜಿನ ಪತ್ರಕ್ಕೆ ಕಾಯಬೇಡ, ಚೆಂಡು ಎಸೆದು ಆಡುವ, ರನ್ನಿಂಗ್ ಬ್ಯಾಕ್ ಕೈಗೂ ಎಸೆಯುವ ಚಿಕ್ಕ ಕಾಲೇಜು ಹುಡುಕು. ಅವನ ಅಪ್ಪ ಪಕ್ಕದಲ್ಲೇ ಕೂತಿದ್ದರು. "ಹಾಗೇ ಕಂಪ್ಯೂಟರ್ ಸೈನ್ಸ್ ಚೆನ್ನಾಗಿರೋ ಕಾಲೇಜು ನೋಡು" ಅಂದರು. ಹುಡುಗ ಕಣ್ಣು ತಿರುಗಿಸಿದ.

ಆ ಬೇಸಿಗೆ ಪೂರ್ತಿ ಅವನು ಹಿತ್ತಲಲ್ಲಿ ಅಪ್ಪನಿಂದ ಚೆಂಡು ಎಸೆಸಿಕೊಂಡು ಹಿಡಿದ. ಅಪ್ಪ ಎಸೆಯುತ್ತಿದ್ದದ್ದು ಕ್ರಿಕೆಟ್ ಶೈಲಿಯಲ್ಲಿ, ಓವರ್ ಆರ್ಮ್, ಚೆಂಡು ಗಾಳಿಯಲ್ಲಿ ತಿರುಗದೆ ತೆಂಗಿನಕಾಯಿ ಬಿದ್ದ ಹಾಗೆ ಬೀಳುತ್ತಿತ್ತು. ಆಗಸ್ಟ್‌ನಲ್ಲಿ ವಿಡಿಯೊ ಮತ್ತೆ ಕತ್ತರಿಸಿ ಜೋಡಿಸಿ ತಂದು ತೋರಿಸಿದ. ಮೊದಲ ತುಣುಕು ಮೂರನೇ ಪ್ರಯತ್ನದ ಮೂರು ಗಜ: ಇಬ್ಬರು ಹಿಡಿದಿದ್ದಾರೆ, ಕಾಲು ಆಡುತ್ತಲೇ ಇದೆ, ಬಿದ್ದದ್ದು ಮುಂದಕ್ಕೆ. ಎರಡನೆಯದು ಬ್ಲಿಟ್ಜ್ ಬಂದವನ ಮೊಣಕಾಲಿಗೆ ತಗ್ಗಿ ಬಿದ್ದು ಅವನನ್ನು ಉರುಳಿಸಿದ್ದು. ಮೂರು, ನಾಲ್ಕು, ಐದು ಬರೀ ಚೆಂಡು ಹಿಡಿದದ್ದು. ಎಂಬತ್ತು ಗಜದ ಓಟ ಕೊನೆಗೆ ಹೋಗಿತ್ತು. ಅವನ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಎರಡು ನಿಮಿಷ ನೋಡಿದರು. "ಅಯ್ಯೋ, ಇದೇನೋ ಬರೀ ಬೀಳೋದೇ ಹಾಕಿದ್ದೀಯ? ಅಜ್ಜಿಗೆ ಯಾವುದು ಕಳಿಸಲಿ ಈಗ?"